ಹಿತ್ತಿಲ ಬೋರಿನ ಬೆಂಕಿ

ಎಪ್ಪತ್ತರ ದಶಕದ ಒಂದು ಬೇಸಿಗೆ. ಹೆರಿಗೆಗೆಂದು ತಿರ್ಲಾಪುರದ ತವರಿಗೆ ಬಂದಿದ್ದೆ. ಹಿತ್ತಿಲಲ್ಲಿ ಹೊಸದಾಗಿ ಕೊರೆಸಿದ ಬೋರಿನಿಂದ ನೀರು ಬರಲಿಲ್ಲ, ಬುಸ್ ಎಂಬ ಸದ್ದಷ್ಟೇ ಬಂತು. ಕಾಕಾ ಬೀಡಿ ಕಚ್ಚಿಕೊಂಡೇ ಬಗ್ಗಿ ನೋಡಿದ. ಭಗ್ಗನೆ ಹೊತ್ತಿಕೊಂಡಿತು. ಮೀಸೆ ಹೋಯಿತು, ಪುಣ್ಯಕ್ಕೆ ಮುಖ ಉಳಿಯಿತು. ನೀಲಿ ಉರಿ ಪೈಪಿಗೆ ತಾಗದೆ ಗೇಣು ಮೇಲೆ ನಿಂತಿತ್ತು, ಕೆಳಗೆ ಏನೂ ಇಲ್ಲದೆ. ಮರುದಿನವೇ ಜನ ತೆಂಗಿನಕಾಯಿ ಹಿಡಿದು ಬಂದರು. ನಮ್ಮೂರವರಿಗೆ ಅಷ್ಟು ಸಾಕು!

ಅಣ್ಣ ಆಗ ರಜೆಗೆ ಬಂದಿದ್ದ. ಗುಜರಾತದಲ್ಲಿ ಎಣ್ಣೆಬಾವಿಗಳ ಬೆಂಕಿ ಆರಿಸುವುದೇ ಅವನ ಕೆಲಸ. ಅವನು ಸೇರಿದ ದಿನ ಅವ್ವ ದೇವರ ಮುಂದೆ ಹಚ್ಚಿದ ನಂದಾದೀಪ ಏಳು ವರ್ಷ ಉರಿದಿತ್ತು. ಅದು ಇರುವ ತನಕ ಮಗ ಇರುತ್ತಾನೆಂಬುದು ಅವಳ ನಂಬಿಕೆ. ನಾನು ನಗುತ್ತಿದ್ದೆ, ಎಣ್ಣೆ ಹಾಕುವುದನ್ನು ಮಾತ್ರ ಮರೆಯುತ್ತಿರಲಿಲ್ಲ.

ಸಂಜೆ ಅಣ್ಣ ಹಸಿ ಗೋಣಿಚೀಲ ಒಟ್ಟಿ ಉರಿಯನ್ನು ಅಡಗಿಸಿದ. ಜನ ಚಪ್ಪಾಳೆ ತಟ್ಟಿದರೆ ರೇಗಿದ.

“ಉರಿ ಕಾಣೂತನಾ ಅಂಜಬ್ಯಾಡ್ರಿ, ಆರಿದ ಮ್ಯಾಲ ಅಂಜ್ರಿ! ಗ್ಯಾಸ್ ಕಣ್ಣಿಗೆ ಕಾಣಂಗಿಲ್ಲ. ಬಡಿಗ್ಯಾ ಬೆಣಿ ತಂದು ಪೈಪಿನ ಬಾಯಿ ಮುಚ್ಚೂತನಾ ಯಾರ ಮನ್ಯಾಗೂ ಒಂದು ಕಿಡಿ ಇರಬಾರದು.”

ಓಣಿಯ ಒಲೆಗಳೆಲ್ಲ ತಣ್ಣಗಾದವು. ಕತ್ತಲಾಯಿತು. ಆ ಬುಸ್ ಎಂಬುದು ಯಾರೋ ಬಾಜು ನಿಂತು ಉಸಿರಾಡಿದ ಹಾಗೆ ಕೇಳುತ್ತಿತ್ತು. ಹೊಟ್ಟೆಯೊಳಗಿನ ಕೂಸೂ ಅಲುಗಲಿಲ್ಲ. ನನಗೆ ಬಹಳ ಹೆದರಿಕೆಯಾಯಿತು.

“ಅವ್ವಾ, ನಿನ್ನ ದೀಪ?” ಅಣ್ಣ ಹಿತ್ತಿಲಿಂದ ಕೂಗಿದ.

“ದೊಡ್ಡದು ಮಾಡೀನಪಾ,” ಎಂದಳು ಅವ್ವ ಒಳಗಿಂದ.

ಅಣ್ಣ ಕೊಡ ಎತ್ತಿಕೊಂಡು ನುಗ್ಗಿದ. ಒಳಗೆ ಕತ್ತಲಿದೆ ಎಂಬುದನ್ನೂ ನೋಡದೆ ದೇವರ ಜಗಲಿಯತ್ತ ನೀರು ಎರಚಿದ.

“ಹುಚ್ಚು ಹಿಡದೈತೇನ ಬೇ? ಇಂಥಾ ಹೊತ್ತಿನ್ಯಾಗ ದೀಪ ದೊಡ್ಡದು ಮಾಡ್ತಾರೇನ?”

ದೀಪ ‘ಆರಿಸಿದೆ’ ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ, ಅಪಶಕುನ. ‘ದೊಡ್ಡದು ಮಾಡಿದೆ’ ಎನ್ನುತ್ತೇವೆ. ಸಣ್ಣ ಮಕ್ಕಳಿಗೂ ಗೊತ್ತಿರುವ ಮಾತು. ಅವ್ವ ಬತ್ತಿಯನ್ನು ಆಗಲೇ ಕೈಯಾರೆ ಒತ್ತಿ ಆರಿಸಿದ್ದಳು. ನೀರೆಲ್ಲ ಅವಳ ಮೈಮೇಲೆ ಬಿದ್ದಿತ್ತು.

“ನಮ್ಮನಿ ಮಾತ ಮರತಿ ಏನೋ?” ಎಂದಳು.

ಅಣ್ಣ ಕೊಡ ಕೆಳಗಿಟ್ಟು ಅಲ್ಲೇ ಕೂತ. ಅವ್ವ ಕತ್ತಲಲ್ಲಿ ತಡವರಿಸಿ ಅವನ ಮುಖ ಮುಟ್ಟಿದಳು. ಹಣೆ, ಮೂಗು, ಬಾಯಿ. ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡಿದಳು. ಬಡಿಗ ಬಂದು ಹೊರಗಿನಿಂದ ಕೂಗುವವರೆಗೂ ಆ ಬೆರಳು ತೆಗೆಯಲಿಲ್ಲ.