ಕೆಳಗಿನ ಮನೆಯವಳ ಇಟಾಲಿಯನ್

ಜರ್ಮನಿಯವರು ಆಗ ಕಂಪ್ಯೂಟರ್ ಕೆಲಸದವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ನಿಮ್ಮ ಅಜ್ಜ ಡ್ರೆಸ್ಡೆನ್ನಿಗೆ ಕೆಲಸಕ್ಕೆ ಬಂದಾಗ ನಮ್ಮ ಕೆಳಗಿನ ಮನೆಯಲ್ಲಿ ಒಂದು ಚೀನಾದ ಸಂಸಾರವಿತ್ತು. ಗಂಡ ಚಿಪ್ ಫ್ಯಾಕ್ಟರಿಯಲ್ಲಿ ಇಂಜಿನಿಯರ್. ಹೆಂಡತಿ ನನ್ನ ಹಾಗೆ ಮನೆಯಲ್ಲೇ ಇರುವವಳು, ಕಂಕುಳಲ್ಲಿ ಪುಟ್ಟ ಮಗಳು. ಅವಳಿಗೂ ನನಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಬಟ್ಟೆ ಒಣಹಾಕುವ ನೆಲಮಾಳಿಗೆಯಲ್ಲಿ ಮಾತಿಗೆ ನಿಂತರೆ ಬಟ್ಟೆ ಒಣಗುವವರೆಗೂ ನಿಲ್ಲುತ್ತಿದ್ದೆವು.

ಬೇಸಿಗೆ ಮುಗಿಯುವ ಹೊತ್ತಿಗೆ, ದೊಡ್ಡವರಿಗಾಗಿ ನಡೆಸುವ ಸಂಜೆ ಶಾಲೆಗೆ ಸೇರುವ ಮಾತು ಬಂತು. ನನಗೆ ಜರ್ಮನ್ ಬೇಕಿತ್ತು, ಅವಳಿಗೆ ಇಟಾಲಿಯನ್. ಅವಳ ಅಕ್ಕ ಇಟಲಿಯಲ್ಲಿ ಬಟ್ಟೆ ಹೊಲಿಯುವ ಸಣ್ಣ ಕಾರ್ಖಾನೆ ನಡೆಸುತ್ತಿದ್ದಳು. ಭಾಷೆ ಕಲಿತು ಬಾ, ಗಿರಾಕಿಗಳ ಜೊತೆ ಮಾತಾಡುವ ಕೆಲಸ ನಿನಗೇ ಎಂದಿದ್ದಳಂತೆ. ಗಂಡನ ಇಲ್ಲಿಯ ಕೆಲಸ ಮುಗಿದ ಮೇಲೆ ಎಲ್ಲರೂ ಅಲ್ಲಿಗೇ ಹೋಗುವವರಿದ್ದರು. ಆದರೆ ಎರಡು ತರಗತಿಗಳೂ ಮಂಗಳವಾರ ಸಂಜೆಯೇ ಇದ್ದವು.

ಊರಿನ ಶಾಲೆಯಲ್ಲಿ ನಾನು ಗಟ್ಟಿಯಾಗಿ ಒಂದು ಉತ್ತರ ಹೇಳಿದವಳಲ್ಲ. ಗುರುತಿಲ್ಲದವರ ನಡುವೆ ಒಬ್ಬಳೇ ಕೂರುವ ಧೈರ್ಯ ನನಗಿರಲಿಲ್ಲ. ಅವಳನ್ನು ಊಟಕ್ಕೆ ಕರೆದೆ. ನನ್ನ ಜೊತೆ ಜರ್ಮನ್ನಿಗೆ ಬಾ ಎಂದೆ.

"ಬೇಡ. ನನಗೆ ಇಟಾಲಿಯನ್."

"ಇಲ್ಲಿ ಅಂಗಡಿಯಲ್ಲಿ ಬ್ರೆಡ್ ಹೇಗೆ ಕೇಳ್ತಿ?"

"ಬ್ರೆಡ್ ನಾನು ತಿನ್ನೋದಿಲ್ಲ," ಎಂದು ನಕ್ಕಳು.

ನಮ್ಮ ಕಡೆ ಊಟಕ್ಕೆ ಕೂತವರು ಸಾಕು ಎಂದರೆ ನಾವು ಬಿಡುವವರಲ್ಲ. ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ತುಪ್ಪ ಬಿಡುತ್ತೇವೆ. ಅವಳ ಬೇಡವನ್ನೂ ನಾನು ಅಂಥ ಉಪಚಾರದ ಬೇಡವೆಂದೇ ತಿಳಿದೆ. ಹಾಗೆ ತಿಳಿಯುವುದು ನನಗೆ ಅನುಕೂಲವೂ ಆಗಿತ್ತು. ಹೋಳಿಗೆ ಬಡಿಸುತ್ತಾ ಮತ್ತೆ ಕೇಳಿದೆ, ಕೈ ತೊಳೆಯುವಾಗಲೂ ಕೇಳಿದೆ. ಕೊನೆಗೆ "ಸರಿ" ಎಂದಳು.

"ಆಕಿ ಒಲ್ಲೆ ಅಂದ್ರೂ ಎಳಕೊಂಡ ಹೊಂಟೀ ಏನ?" ಎಂದರು ನಿಮ್ಮ ಅಜ್ಜ.

"ಹೂಂ ಅಂದಾಳ್ರೀ ಆಕಿ."

ಮೊದಲ ದಿನ ಟೀಚರು ಎಲ್ಲರನ್ನೂ ಜರ್ಮನ್ ಯಾಕೆ ಕಲಿಯುತ್ತೀರಿ ಎಂದು ಕೇಳಿದರು. ಒಬ್ಬರು ಕೆಲಸಕ್ಕೆ ಎಂದರು, ಇನ್ನೊಬ್ಬರು ಹೆಂಡತಿ ಇಲ್ಲಿಯವಳು ಎಂದರು. ಇವಳು ನನ್ನ ಕಡೆ ಬೆರಳು ತೋರಿಸಿ, "ಇವಳಿಗೆ ಒಬ್ಬಳೇ ಬರೋಕೆ ಭಯ. ಅದಕ್ಕೆ," ಎಂದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು, ಮುಖದಲ್ಲಿ ಸಿಟ್ಟೇ ಇರಲಿಲ್ಲ. ಆದರೆ ಎದುರಿನ ಕೋಣೆಯವರು ಇಟಾಲಿಯನ್ನಿನಲ್ಲಿ ಒಟ್ಟಾಗಿ ಏನೋ ಹೇಳತೊಡಗಿದಾಗ ಅವಳ ಕತ್ತು ಆ ಕಡೆ ತಿರುಗಿತು. ಪಾಠ ಮುಗಿಯುವವರೆಗೂ ಅವಳು ಬಾಗಿಲನ್ನೇ ನೋಡುತ್ತಿದ್ದಳು. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ.

ಮರುದಿನ ಒಬ್ಬಳೇ ಟ್ರಾಮ್ ಹತ್ತಿ ಶಾಲೆಯ ಆಫೀಸಿಗೆ ಹೋದೆ. ಗೆಳತಿಯನ್ನು ಇಟಾಲಿಯನ್ನಿಗೆ ಹಾಕಿ ಎಂದು ಅರ್ಧ ಮಾತು, ಅರ್ಧ ಕೈಸನ್ನೆಯಲ್ಲಿ ಕೇಳಿದೆ. ಅಲ್ಲಿ ಜಾಗ ತುಂಬಿತ್ತು. ಇನ್ನು ಮುಂದಿನ ಅವಧಿಗೇ ಎಂದರು.

ಚಳಿ ಕಳೆದು ಆ ಅವಧಿ ಬರುವಷ್ಟರಲ್ಲಿ ಅವಳ ಗಂಡನಿಗೆ ಸಂಜೆಯ ಪಾಳಿ ಬಿತ್ತು. ಮಗುವನ್ನು ಬಿಟ್ಟು ಹೋಗಲು ಯಾರೂ ಇರಲಿಲ್ಲ. ಮಂಗಳವಾರ ನನ್ನ ಹತ್ತಿರ ಬಿಡು ಎಂದೆ.

"ನಿನ್ನ ಜರ್ಮನ್?"

"ನನಗೆ ಆಮೇಲೆ."

ಅವಳು ಹೋಗತೊಡಗಿದಳು. ಕೆಲವು ವಾರಗಳಾದ ಮೇಲೆ, ನನ್ನ ತೊಡೆಯಿಂದ ಮಗುವನ್ನು ಎತ್ತಿಕೊಳ್ಳುತ್ತಾ, ಅಕ್ಕ ಆ ಕೆಲಸಕ್ಕೆ ಅಲ್ಲಿಯದೇ ಒಬ್ಬ ಹುಡುಗಿಯನ್ನು ಇಟ್ಟುಕೊಂಡಳಂತೆ ಎಂದಳು. ಗಿರಾಕಿಗಳು ಕಾಯುವುದಿಲ್ಲವಲ್ಲ ಎಂದು ಅಕ್ಕನ ಪರವಾಗಿ ಅವಳೇ ಹೇಳಿದಳು. ನಾನು ಮಗುವಿನ ಟೋಪಿಯನ್ನು ಸರಿಮಾಡಿದೆ.

ಮುಂದಿನ ಮಂಗಳವಾರವೂ ಅವಳು ಪುಸ್ತಕ ಹಿಡಿದು ಬಂದು ಮಗುವನ್ನು ನನ್ನ ಕೈಗೆ ಕೊಟ್ಟು ಹೋದಳು. ನಿಮ್ಮ ಅಜ್ಜ ಶೂ ಬಿಚ್ಚುತ್ತಾ ನಕ್ಕರು. "ಕೂಸಿನ ನೆವ ಮಾಡಿ ಜರ್ಮನ್ ಬಿಟ್ಟಿ ನೋಡ. ಟೀಚರಿಗೆ ಹೆದರೀದಿ, ಹೌದಲ್ಲ?"

"ಹೌದ್ರೀ," ಎಂದೆ. ಅಮ್ಮನನ್ನು ಕೇಳಿ ಅಳತೊಡಗಿದ್ದ ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋದೆ.