ಪೀಪಾಯಿಗಳ ನಡುವೆ ಕೇಳಿದ ಮಾತು

ದೆವ್ವ, ಕಣಿ, ಅಶರೀರವಾಣಿ ಎಂದು ಯಾರಾದರೂ ಮಾತು ತೆಗೆದರೆ ಮೊದಲು ನಗುತ್ತಿದ್ದವನು ನಾನು. ನಮ್ಮ ಸೋದರತ್ತೆ ಸತ್ತವರ ದನಿ ಕೇಳಿದ ಕಥೆ ಹೇಳಲು ಕೂತರೆ, ನನ್ನದೂ ಒಂದು ನಮಸ್ಕಾರ ತಿಳಿಸಿಬಿಡಿ ಅತ್ತೆ ಎಂದು ರೇಗಿಸಿ ಬೈಸಿಕೊಳ್ಳುತ್ತಿದ್ದೆ. ಈಗ ನನಗೆ ಅದರಲ್ಲೆಲ್ಲ ನಂಬಿಕೆ ಬಂದುಬಿಟ್ಟಿದೆ ಎಂದಲ್ಲ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂದು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ತೊಂಬತ್ತರ ದಶಕದ ಮಾತು. ವರ್ಜೀನಿಯಾದ ಸೆಂಟರ್‌ವಿಲ್‌ನಲ್ಲಿ ನಾನೂ ಪ್ರಸಾದನೂ ಒಂದೇ ಅಪಾರ್ಟ್‌ಮೆಂಟಿನಲ್ಲಿದ್ದೆವು. ಮೈಸೂರಿನಲ್ಲಿ ಓದುವಾಗ ಒಂದೇ ಬೆಂಚು, ಇಲ್ಲಿ ಒಂದೇ ಕಾರು, ಒಂದೇ ಕುಕ್ಕರು. ಅವನಿಗೆ ಜ್ವರ ಬಂದರೆ ನಾನು ಗಂಜಿ ಕಾಯಿಸುತ್ತಿದ್ದೆ. ನಮ್ಮ ಜೊತೆ ಕಾಲೇಜಿನಲ್ಲಿದ್ದ ಶೈಲಜಾಳನ್ನು ಮದುವೆಯಾಗಬೇಕೆಂಬ ಆಸೆ ನನಗಿದ್ದದ್ದು ಪ್ರಪಂಚದಲ್ಲಿ ಅವನನ್ನೂ ನಮ್ಮಮ್ಮನನ್ನೂ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ. ಶೈಲಜಾಳಿಗೂ ಗೊತ್ತಿರಲಿಲ್ಲ, ಹೇಳುವ ಧೈರ್ಯ ನನಗೆ ಬಂದಿರಲಿಲ್ಲ.

ಆಗೆಲ್ಲ ನಮ್ಮ ಹುಡುಗರು ಮೂರು ವಾರ ರಜೆ ಹಾಕಿ ಊರಿಗೆ ಹೋಗಿ, ಹೆಣ್ಣು ನೋಡಿ, ಒಪ್ಪಿಗೆ ಮಾಡಿಕೊಂಡೇ ಬರುತ್ತಿದ್ದರು. ಆ ವರ್ಷ ನನಗೆ ವೀಸಾದ ತೊಡಕು. ಹೊರಗೆ ಹೋದರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಭಯ. ಅಪ್ಪ ಇರಲಿಲ್ಲ, ಹೆಂಗಸು ಒಬ್ಬಳೇ ಹೋಗಿ ಹೆಣ್ಣು ಕೇಳುವುದು ಹೇಗೆ ಎಂದು ಅಮ್ಮ ಸಂಕೋಚಪಟ್ಟಳು. ಪ್ರಸಾದ ಊರಿಗೆ ಹೊರಟಿದ್ದ. ನನ್ನ ಜಾತಕವನ್ನು ಅವನ ಕೈಗೆ ಕೊಟ್ಟು, ನನ್ನ ಅಣ್ಣನ ಹಾಗೆ ನಿಂತು ನೀನೇ ಅವರ ಮನೆಗೆ ಹೋಗಿ ಕೇಳಿಕೊಂಡು ಬಾ ಎಂದೆ. ಮೂರು ವಾರ ಹೇಗೆ ಕಳೆದೆನೋ ನನಗೇ ಗೊತ್ತು. ಬಂದವನು ಏರ್‌ಪೋರ್ಟಿನಿಂದ ಬರುವ ದಾರಿಯಲ್ಲೇ, ಜಾತಕ ಹೊಂದಲಿಲ್ಲವಂತೆ, ನಾಡಿದೋಷವಂತೆ, ಅವರ ತಂದೆ ಖಡಾಖಂಡಿತವಾಗಿ ಬೇಡ ಅಂದರು ಎಂದು ಹೇಳಿದ. ನಾನು ಕಾರು ಪಕ್ಕಕ್ಕೆ ನಿಲ್ಲಿಸಿ, ಅವನ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅವನು ನನ್ನ ಬೆನ್ನು ಸವರಿದ.

ಇದಾಗಿ ಕೆಲವು ವಾರಗಳ ಮೇಲೆ ನಮ್ಮ ಪಕ್ಕದ ಮನೆಗೆ ಬಂದಿದ್ದ ಮೂರ್ತಿ ಅಂಕಲ್ ಒಂದು ಆಸೆ ಹೇಳಿಕೊಂಡರು. ಮಂಡ್ಯದಲ್ಲಿ ಕೆಮಿಸ್ಟ್ರಿ ಮೇಷ್ಟ್ರಾಗಿ ರಿಟೈರ್ ಆದವರು, ಹೆಂಡತಿಯ ಜೊತೆ ಮಗಳ ಮನೆಗೆ ಬಂದಿದ್ದರು. ಜೀವಮಾನವೆಲ್ಲ ಬಟ್ಟಿ ಇಳಿಸುವುದನ್ನು ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದೇನೆ, ಒಮ್ಮೆ ಕಣ್ಣಾರೆ ನೋಡಬೇಕು ಎಂದರು. ಒಂದು ತೊಟ್ಟು ಕುಡಿದವರಲ್ಲ. ದಕ್ಷಿಣಕ್ಕೆ ಒಂದೆರಡು ಗಂಟೆ ಡ್ರೈವ್ ಮಾಡಿದರೆ ಬರ್ಬನ್ ವಿಸ್ಕಿ ಮಾಡುವ ಒಂದು ಹಳೆಯ ಡಿಸ್ಟಿಲರಿ ಇತ್ತು. ಶನಿವಾರ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ನಾವಿಬ್ಬರೂ ಅಂಕಲ್ಲೂ ಆಂಟಿಯೂ ಹೊರಟೆವು. ಹೆಂಡದ ಮನೆ ನೋಡಲು ಚಿತ್ರಾನ್ನ ಕಟ್ಟಿಕೊಂಡು ಹೋಗುವ ಜನ ನಮ್ಮವರಲ್ಲದೆ ಬೇರೆ ಯಾರಿದ್ದಾರು?

ಆಂಟಿ ಒಳಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದರು. ಅವರ ಜೊತೆಗೆ ನಾನಿರುತ್ತೇನೆ ಎಂದು ಪ್ರಸಾದ ಪಾರ್ಕಿಂಗ್ ಪಕ್ಕದ ಮರದ ಕೆಳಗಿದ್ದ ಬೆಂಚಿನಲ್ಲೇ ಉಳಿದ. ನಾನೂ ಅಂಕಲ್ಲೂ ಒಳಗೆ ಹೋದೆವು.

ಒಳಗೆ ಮೆಕ್ಕೆಜೋಳ, ಗೋಧಿಯಂಥ ರೈ ಧಾನ್ಯ, ಮೊಳಕೆ ಬರಿಸಿದ ಬಾರ್ಲಿ ಎಲ್ಲವನ್ನೂ ಬೀಸಿ, ಬೇಯಿಸಿ, ದೊಡ್ಡ ತೊಟ್ಟಿಗಳಲ್ಲಿ ಹುಳಿಯಲು ಬಿಟ್ಟಿದ್ದರು. ಗಂಜಿ ತಾನಾಗಿ ಗುಳುಗುಳು ಎನ್ನುತ್ತಿತ್ತು. ವಾಸನೆ ಥೇಟ್ ನಮ್ಮ ದೋಸೆ ಹಿಟ್ಟು ಉಕ್ಕಿ ಬಂದ ದಿನದ್ದು. ಅಂಕಲ್ ಮಗುವಿನ ಹಾಗೆ ಬಗ್ಗಿ ಬಗ್ಗಿ ನೋಡಿದರು. ಅದನ್ನು ತಾಮ್ರದ ಹಂಡೆಗಳಲ್ಲಿ ಕಾಯಿಸಿ ಬಟ್ಟಿ ಇಳಿಸಿದಾಗ ಬರುವುದು ನೀರಿನಷ್ಟೇ ತಿಳಿಯಾದ ಸಾರಾಯಿ. ಬಣ್ಣ ಬರುವುದು ಆಮೇಲೆ, ಒಳಗೆಲ್ಲ ಬೆಂಕಿಯಲ್ಲಿ ಸುಟ್ಟು ಕರಿ ಮಾಡಿದ ಹೊಸ ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟ ಮೇಲೆ.

ಕೊನೆಗೆ ಆ ಪೀಪಾಯಿಗಳ ಗೋದಾಮಿಗೆ ಕರೆದೊಯ್ದರು. ಹೊರಗೆ ಉರಿಬಿಸಿಲು, ಒಳಗೆ ಅರೆಗತ್ತಲೆ. ನೆಲದಿಂದ ಸೂರಿನವರೆಗೂ ಪೀಪಾಯಿ. ಪ್ರತಿ ವರ್ಷ ಒಂದಷ್ಟು ಆವಿಯಾಗಿ ಹೋಗುತ್ತದೆ, ಅದು ದೇವದೂತರ ಪಾಲು ಎಂದು ನಮ್ಮನ್ನು ಸುತ್ತಾಡಿಸುತ್ತಿದ್ದ ಹೆಂಗಸು ನಗುತ್ತಾ ಹೇಳಿದಳು. ಅಂಕಲ್ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾ ಅವಳ ಹಿಂದೆ ಹೋದರು. ನಾನು ಒಂದು ಸಾಲಿನ ಹತ್ತಿರ ಹಿಂದುಳಿದೆ.

ಆಗ ಕೇಳಿಸಿತು. ಪೀಪಾಯಿಗಳ ಆ ಬದಿಯಿಂದ, ಸ್ಪಷ್ಟವಾಗಿ, ಪ್ರಸಾದನ ದನಿ.

"ಜಾತಕ ಹೊಂದ್ಲಿಲ್ಲ ಅಂತ ಹೇಳಿದೀನಿ ಶೈಲಾ. ನಂಬಿಬಿಟ್ಟ, ಪಾಪ. ನಿಮ್ಮಪ್ಪಂಗೆ ನಾನು ಅದನ್ನ ಕೊಡ್ಲೇ ಇಲ್ಲ ಅಂತ ಅವನಿಗೆ ಯಾವತ್ತೂ ಗೊತ್ತಾಗಲ್ಲ ಬಿಡು."

ನಾನು ಓಡಿ ಸಾಲಿನ ಆ ಕಡೆಗೆ ಹೋದೆ. ಯಾರೂ ಇರಲಿಲ್ಲ. ಬರೀ ಗೋಡೆ.

ಹೊರಗೆ ಬಂದಾಗ ಪ್ರಸಾದ ಆಂಟಿಯ ಪಕ್ಕದಲ್ಲಿ ಸೌತೆಕಾಯಿ ಹೆಚ್ಚುತ್ತಾ ಕೂತಿದ್ದ. ಯಾಕಪ್ಪ, ಮುಖ ಬಿಳಿಚಿಕೊಂಡಿದೆ ಎಂದು ಆಂಟಿ ಗಾಬರಿಯಾದರು. ಇವನು ಎಲ್ಲಿಗಾದರೂ ಎದ್ದು ಹೋಗಿದ್ದನೇ ಎಂದು ಕೇಳಿದೆ. ಇಲ್ಲವಲ್ಲ, ಸುಮ್ಮನೆ ಏನೋ ಯೋಚನೆ ಮಾಡುತ್ತಾ ನನ್ನ ಪಕ್ಕದಲ್ಲೇ ಕೂತಿದ್ದಾನೆ ಎಂದರು. ನನಗೆ ತಡೆಯಲಾಗಲಿಲ್ಲ.

"ಪ್ರಸಾದ, ನನ್ನ ಜಾತಕ ಶೈಲಜಾ ಅವರಪ್ಪಂಗೆ ಕೊಟ್ಯೇನೋ?"

ಅವನು ಹೆಚ್ಚುವುದನ್ನು ನಿಲ್ಲಿಸಿದ. ಕೊಟ್ಟೆ ಅನ್ನಲಿಲ್ಲ. ನಿನಗೇನಾಗಿದೆ ಅನ್ನಲಿಲ್ಲ.

"ಯಾರು ಹೇಳಿದ್ರು ನಿಂಗೆ?" ಎಂದ.

ಅಷ್ಟು ಸಾಕಾಯಿತು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಇನ್ನಾರನ್ನು ಕೇಳುವುದು?  ವಾಪಸು ಬರುವಾಗ ಕಾರಿನಲ್ಲಿ ಅಂಕಲ್ ಒಬ್ಬರೇ ಮಾತಾಡಿದರು.

ಮನೆಗೆ ಬಂದ ಮೇಲೆ ಅವನೇ ಬಾಯಿಬಿಟ್ಟ. ನನಗಾಗಿ ಕೇಳಲೆಂದೇ ಹೋಗಿದ್ದನಂತೆ. ಅವರ ಮನೆಯವರು ಅವನೇ ಹೆಣ್ಣು ನೋಡಲು ಬಂದಿದ್ದಾನೆಂದು ತಿಳಿದು ಉಪಚಾರ ಮಾಡಿದರಂತೆ, ಹೆಣ್ಣು ಕೊಡಲೂ ಒಪ್ಪಿದರಂತೆ. ಅಲ್ಲ ಎನ್ನಲು ಬಾಯಿ ಬರಲಿಲ್ಲವಂತೆ. ಬಾಯಿ ಬರಲಿಲ್ಲವಂತೆ, ನೋಡಿ! ನನ್ನ ಎದುರು ನಾಡಿದೋಷ ಎನ್ನಲು ಮಾತ್ರ ಚೆನ್ನಾಗಿ ಬಂತು. ಹೊಡೆಯಬೇಕೆನ್ನಿಸಿತು, ಕೈ ಏಳಲಿಲ್ಲ. ಗೋದಾಮಿನಲ್ಲಿ ಕೇಳಿದ ಮಾತನ್ನು ಅಕ್ಷರ ಬಿಡದೆ ಅವನಿಗೆ ಒಪ್ಪಿಸಿದೆ. 

"ನಾನಿನ್ನೂ ಅದನ್ನ ಹೇಳೇ ಇಲ್ಲ ಕಣೋ," ಎಂದ. "ನಾಳೆ ಅವಳಿಗೆ ಫೋನ್ ಮಾಡಿ ಹೇಳ್ಬೇಕು ಅಂತಿದ್ದೆ. ಆಂಟಿ ಪಕ್ಕ ಕೂತ್ಕೊಂಡು ಅದನ್ನೇ ಯೋಚನೆ ಮಾಡ್ತಿದ್ದೆ."

ಆ ತಿಂಗಳೇ ನಾನು ಬೇರೆ ಕೆಲಸ ಹಿಡಿದು ನಾರ್ತ್ ಕೆರೊಲೈನಾದ ಕ್ಯಾರಿಗೆ ಹೊರಟುಹೋದೆ. ಅವರ ಮದುವೆಯಾಯಿತು. ಅವನು ಮರುದಿನ ಫೋನ್ ಮಾಡಿದನೇ, ಆ ಮಾತು ಹೇಳಿದನೇ, ನಾನು ಕೇಳಲಿಲ್ಲ.

ವಾಸನೆ ತಲೆಗೇರಿರಬೇಕು, ಒಳಮನಸ್ಸಿನಲ್ಲಿ ಅನುಮಾನವಿತ್ತೇನೋ ಎಂದೆಲ್ಲ ಜನ ಸಮಾಧಾನ ಹೇಳುತ್ತಾರೆ. ಅನುಮಾನವೇ ಇದ್ದಿದ್ದರೆ ಅವನ ಹೆಗಲ ಮೇಲೆ ತಲೆಯಿಟ್ಟು ಅಳುತ್ತಿದ್ದೆನೇ? ನನಗೆ ಇವತ್ತಿಗೂ ಬಗೆಹರಿದಿಲ್ಲ. ಬಗೆಹರಿಯದೇ ಉಳಿದದ್ದರಲ್ಲಿ ದನಿ ಎಲ್ಲಿಂದ ಬಂತು ಎಂಬುದು ದೊಡ್ಡದೂ ಅಲ್ಲ. ಇನ್ನೊಂದಿದೆ, ಅದನ್ನು ಪ್ರಸಾದನಿಗೂ ಹೇಳಿರಲಿಲ್ಲ. ಆ ಮಾತು ಮುಗಿದ ಮೇಲೆ ದನಿ ಸ್ವಲ್ಪ ಹೊತ್ತು ಸುಮ್ಮನಿತ್ತು, ಫೋನಿನಲ್ಲಿ ಆ ಕಡೆಯವರು ಮಾತಾಡುವಾಗ ನಾವು ಸುಮ್ಮನಿರುತ್ತೇವಲ್ಲ, ಹಾಗೆ. ಆಮೇಲೆ ಅವನು ನಕ್ಕ. ನಕ್ಕಿದ್ದು ನನಗೆ ಕೇಳಿಸಿತು. ಅವನನ್ನು ನಗಿಸುವಂಥದ್ದು ಅವಳೇನು ಅಂದಳೋ, ಅದು ಕೇಳಿಸಲಿಲ್ಲ.