ಗಟ್ಟಿ ಗೋಡೆ, ತಗಡಿನ ಸೂರು

ಇವತ್ತಿಗೂ ಯಾವ ಹೋಟೆಲಿಗೆ ಹೋದರೂ ನನ್ನ ಕಣ್ಣು ಮೊದಲು ಅಡುಗೆಮನೆಯ ಕಡೆ ಹೋಗುತ್ತದೆ. ಸಿಲಿಂಡರ್ ಎಲ್ಲಿಟ್ಟಿದ್ದಾರೆ, ಅದರ ಎದುರು ಯಾರು ನಿಂತಿದ್ದಾರೆ ಎಂದು ನೋಡುವವರೆಗೆ ತುತ್ತು ಇಳಿಯುವುದಿಲ್ಲ. ಈ ಹಾಳು ಚಾಳಿ ಹತ್ತಿದ್ದು ಚನ್ನಗಿರಿಯ ಅಕ್ಕನ ಮನೆಯಲ್ಲಿ.

ಅಕ್ಕ ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಕೊಡುವವಳು. ಸಂತೇಬೆನ್ನೂರಿನಿಂದ ಹೊನ್ನಾಳಿಯವರೆಗೆ ಅವಳ ಹೋಳಿಗೆಗೆ ಹೆಸರು. ಸಾಲು ಸಿಲಿಂಡರ್ ನೋಡಿ ಅಕ್ಕಪಕ್ಕದವರು ತಕರಾರು ತೆಗೆದಾಗ, ಎಂಜಿನಿಯರ್ ಆಗಿರುವ ನನ್ನನ್ನು ಕರೆಸಿದಳು. ಹಿತ್ತಲಲ್ಲಿ ಸಿಲಿಂಡರಿಗೆಂದೇ ಒಂದು ಕೋಣೆ ಮಾಡಿದೆ. ಸುತ್ತಲೂ ಒತ್ತಾಗಿ ಕಬ್ಬಿಣ ಹೆಣೆದ ಕಾಂಕ್ರೀಟ್ ಗೋಡೆ, ಒಲೆಗಳ ಕಡೆಗೆ ಒಂದು ಬಾಗಿಲು, ಮೇಲೆ ಬರೀ ತೆಳು ತಗಡು. ಸೋರಿದ ಗ್ಯಾಸ್ ಹೊತ್ತಿಕೊಂಡರೆ ಅದರ ರಭಸ ಎಲ್ಲಿಂದಾದರೂ ಹೊರಗೆ ನುಗ್ಗಲೇಬೇಕು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗೆ ಯಾವುದು ಬಡಪಾಯಿಯೋ ಅದನ್ನೇ ಹೊಡೆಯುತ್ತದೆ. ತಗಡು ಹಾರಿಹೋಗಲಿ, ಮನುಷ್ಯರು ಉಳಿಯಲಿ ಎಂಬುದು ನನ್ನ ಲೆಕ್ಕ. ಅಕ್ಕನಿಗೆ ಹೇಳಿಯೂ ಇದ್ದೆ. ಕೈ ಕಣಕದಲ್ಲಿತ್ತು, ಹೂಂ ಹೂಂ ಎಂದಿದ್ದಳು.

ಮುಂದಿನ ಅಡಿಕೆ ಕೊಯ್ಲಿನ ಹೊತ್ತಿಗೆ ಹೋಗಿ ನೋಡುತ್ತೇನೆ, ತಗಡಿನ ಜಾಗದಲ್ಲಿ ಕಾಂಕ್ರೀಟ್ ತಾರಸಿ! ಅದರ ಮೇಲೆ ಅಡಿಕೆ ಹರವಿದ್ದರು. ಕೆಳಗೆ ಅಕ್ಕ ಕೋಣೆಯ ಬಾಗಿಲಿಗೆ ಬೆನ್ನು ಹಾಕಿ ಹೋಳಿಗೆ ಬೇಯಿಸುತ್ತಿದ್ದಳು. ಈಗ ಆ ಕೋಣೆಯಲ್ಲಿ ಬಡಪಾಯಿ ಎಂದರೆ ಆ ಬಾಗಿಲೊಂದೇ. ಒಲೆ ಆರಿಸಿ, ಸಿಲಿಂಡರ್ ಬಂದ್ ಮಾಡಿ, ಅವಳ ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಬಂದೆ. ಅಡಿಕೆ ಒಣಗಿಸಲು ಊರಲ್ಲಿ ಬೇರೆ ಜಾಗ ಇರಲಿಲ್ಲವಾ ಎಂದು ಬಾಯಿಗೆ ಬಂದಂತೆ ಬೈದೆ. ಗ್ಯಾಸ್ ಹೊತ್ತಿಕೊಂಡರೆ ಅಡಿಕೆ ಉಳಿಯುತ್ತದೆ, ನೀನು ಉಳಿಯುವುದಿಲ್ಲ ಎಂದೆ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು.

“ಅಡಿಕೆಗಲ್ಲ ಕಣೆ. ಇಷ್ಟು ದಪ್ಪ ಗೋಡೆ ಕಟ್ಟಿ ಮ್ಯಾಲೆ ಕೋಳಿಗೂಡಿನ ತಗಡು ಹಾಕ್ಯಾಳೆ, ನಿನ್ನ ತಂಗಿ ಓದಿದ್ದು ಇಷ್ಟೇನಾ ಅಂತ ಬಂದೋರೆಲ್ಲ ನಗಾಡೋರು. ನಿನ್ನನ್ನ ಯಾರಾದ್ರೂ ಆಡಿಕೊಂಡ್ರೆ ನಂಗೆ ತಡೆಯಾಕೆ ಆಗಲ್ಲ.”

ನನ್ನ ಮರ್ಯಾದೆ ಉಳಿಸಲು ಹೋಗಿ ಇವಳು ಇಷ್ಟು ದಿನ ಆ ಬಾಗಿಲ ಮುಂದೆ ನಿಂತಿದ್ದಳು. ಸಿಟ್ಟು ಇಳಿಯಲಿಲ್ಲ, ಅದರ ಜೊತೆಗೇ ಅಳು ಬಂತು. ಅಳುತ್ತಲೇ ಗಾರೆ ಕೆಲಸದವನಿಗೆ ಫೋನ್ ಮಾಡಿ, ತಾರಸಿ ಒಡೆಯಬೇಕು, ಈಗಲೇ ಬಾ ಎಂದೆ.

ಜನ ಮತ್ತೆ ನಗುತ್ತಾರಲ್ಲೇ ಎಂದು ಅಕ್ಕ ಪೇಚಾಡಿದಳು.

“ನಗಲಿ ಬಿಡಕ್ಕ,” ಎಂದೆ. “ಅದನ್ನ ಕೇಳಾಕೆ ನೀನಿರ್ಬೇಕು.”